ಹಂಪ್ ದಾಟಿದ್ರೆ ‘ಟಕ್ ಟಕ್’: ಶಾಕಪ್ ಬದಲಿಸೋ ಮುಂಚೆ ಏನೇನು ನೋಡಿದೆ

ಗಾಡಿ 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮುಂದೆ ಸ್ಟ್ರಟ್ (ಸ್ಪ್ರಿಂಗೂ ಶಾಕಪ್ಪೂ, ಅಂದರೆ ಶಾಕ್ ಅಬ್ಸಾರ್ಬರೂ, ಒಂದೇ ಕಂಬವಾಗಿ ಸೇರಿರೋದು), ಹಿಂದೆ ಬೀಮ್ ಆಕ್ಸಲ್ (ಎರಡೂ ಗಾಲಿ ಸೇರಿಸೋ ಅಡ್ಡ ತೊಲೆ). ಓಡಿದ್ದು 94 ಸಾವಿರ ಕಿಲೋಮೀಟರ್ ಚಿಲ್ಲರೆ. ಇರೋದು ಕಲಬುರಗಿಯಲ್ಲಿ, ಓಡಾಟ ಸೇಡಂ ರೋಡ್, ರಿಂಗ್ ರೋಡ್, ಆಗಾಗ ಜೇವರ್ಗಿ ಕಡೆ ಊರಿಗೆ.

ಕಂಪ್ಲೇಂಟ್ ಇಷ್ಟು. ಎಡಗಡೆ ಮುಂದಿನ ಗಾಲಿ ಹತ್ತಿರದಿಂದ ಆವಾಜ್. ಒಳ್ಳೆ ರಸ್ತೆಯಲ್ಲಿ 80ರಲ್ಲಿ ಹೋದರೂ ಏನೂ ಇಲ್ಲ. ಹಂಪ್ ಮೇಲೆ, ಕಿತ್ತುಹೋದ ಗಲ್ಲಿಗಳಲ್ಲಿ ಮಾತ್ರ ಬರುತ್ತೆ. ಬೇಸಿಗೆಯಲ್ಲಿ ಸಣ್ಣ ‘ಟಕ್’ ಇತ್ತು, ಮಳೆಗಾಲ ಮುಗಿಯೋ ಹೊತ್ತಿಗೆ ‘ಟಕ್ ಟಕ್ ಟಕ್’ ಆಯ್ತು. ಇದರ ಜೊತೆ ಬ್ರೇಕ್ ಹಿಡಿದಾಗ ಇನ್ನೊಂದು, ಮೆತ್ತಗೆ ‘ಧಬ್’ ಅಂತ, ಒಂದೇ ಸಲ. ಎರಡೂ ಒಂದೇ ಕಾಯಿಲೆ ಅಂತ ಅಂದುಕೊಂಡಿದ್ದೆ. ಅಲ್ಲ. ಎರಡಕ್ಕೂ ಬೇರೆ ಬೇರೆ ಕಾರಣ ಇತ್ತು, ಅದು ಗೊತ್ತಾಗೋಕೆ ಟೈಮ್ ಹಿಡೀತು.

1. ಮೊದಲು ಡಿಕ್ಕಿ ಖಾಲಿ

ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೂ ಯಾರೂ ಮಾಡಲ್ಲ. ಡಿಕ್ಕಿಯಲ್ಲಿ ಇದ್ದಿದ್ದು: ಊರಿಂದ ತಂದ ಜೋಳದ ಚೀಲ, ಎರಡು ನೀರಿನ ಕ್ಯಾನ್, ಹಳೇ ಚಪ್ಪಲಿ, ಜ್ಯಾಕು, ಗಾಲಿ ಪಾನಾ. ಎಲ್ಲಾ ತೆಗೆದು ಹೊರಗಿಟ್ಟೆ. ಸ್ಟೆಪ್ನಿ ಹಿಡಿದಿರೋ ಬೋಲ್ಟು ಕೈಯಲ್ಲೇ ತಿರುಗಿತು, ಜ್ಯಾಕಿನ ಕ್ಲಿಪ್ಪು ಸಡಿಲ ಇತ್ತು. ಬಿಗಿ ಮಾಡಿ, ಜ್ಯಾಕಿನ ಕೆಳಗೆ ಹಳೇ ಟವೆಲ್ ಸಿಕ್ಕಿಸಿದೆ. ಬಾನೆಟ್ ಎತ್ತಿ ಬ್ಯಾಟರಿ ಅಲ್ಲಾಡಿಸಿ ನೋಡಿದೆ. ನಂಬರ್ ಪ್ಲೇಟು, ಸೈಲೆನ್ಸರ್ ಹಿಡಿದಿರೋ ರಬ್ಬರು, ಇಂಜಿನ್ ಕೆಳಗಿನ ಪ್ಲಾಸ್ಟಿಕ್ ಕವರ್ರು, ಎಲ್ಲಾ ಕೈಯಿಂದ ಬಡಿದು ನೋಡಿದ್ದಾಯ್ತು. ಕವರ್ರಿನ ಒಂದು ಕ್ಲಿಪ್ ಇರಲಿಲ್ಲ, 10 ರೂಪಾಯಿ.

ಆಮೇಲೆ ಗಾಳಿ. ಬಾಗಿಲ ಪಕ್ಕದ ಸ್ಟಿಕ್ಕರ್ ಮೇಲೆ 31 ಅಂತ ಇದೆ. ಗಾಲಿಯಲ್ಲಿ ಇದ್ದಿದ್ದು 38! ಪಂಕ್ಚರ್ ಅಂಗಡಿ ಹುಡುಗ ಮೀಟರ್ ನೋಡದೆ ತುಂಬಿಸಿಬಿಟ್ಟಿದ್ದ. 31ಕ್ಕೆ ಇಳಿಸಿದ ಮೇಲೆ ಹಂಪ್ ಮೇಲಿನ ಕುಲುಕಾಟ ಎದ್ದು ಕಾಣೋ ಹಾಗೆ ಕಮ್ಮಿ ಆಯ್ತು. ಡಿಕ್ಕಿ ಕಡೆಯ ಗಡಗಡವೂ ಹೋಯ್ತು. ಎಡಗಡೆ ‘ಟಕ್ ಟಕ್’ ಮಾತ್ರ ಹಾಗೇ ಇತ್ತು.

2. ಯಾವ ಹಂಪ್, ಯಾವ ಆವಾಜ್

‘ಹಂಪ್ ಮೇಲೆ ಆವಾಜ್ ಬರ್ಲತ್ತದ’ ಅಂತ ಮೆಕ್ಯಾನಿಕ್‌ಗೆ ಹೇಳಿದರೆ ಅವನಿಗೆ ಏನೂ ಹೇಳಿದ ಹಾಗಾಗಲ್ಲ. ಏರುವಾಗಲೋ ಇಳಿಯುವಾಗಲೋ, ಎರಡೂ ಗಾಲಿ ಏರಿದಾಗಲೋ ಒಂದೇ ಏರಿದಾಗಲೋ, ಬ್ರೇಕ್ ಮೇಲೆ ಕಾಲು ಇತ್ತೋ ಇಲ್ವೋ, ಇಷ್ಟು ಬೇಕು.

ನಮ್ಮ ಕಡೆ ಹಂಪಿಗೇನು ಬರ ಇಲ್ಲ. ಗಲ್ಲಿಯಲ್ಲಿ ಯಾರಾದರೂ ಮನೆ ಕಟ್ಟಿಸಿದರೆ ಮಿಕ್ಕಿದ ಸಿಮೆಂಟಲ್ಲಿ ಬಾಗಿಲ ಮುಂದೊಂದು ಹಂಪ್ ಎದ್ದೇ ಏಳುತ್ತೆ. ನಮ್ಮ ಗಲ್ಲಿಯದ್ದನ್ನು ಟೇಪ್ ಹಿಡಿದು ಅಳೆದೆ: ಅಗಲ 60 ಸೆಂಟಿಮೀಟರ್, ಎತ್ತರ 13. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1988ರ ಐಆರ್‌ಸಿ 99 ಮಾರ್ಗಸೂಚಿಯಲ್ಲಿ ಹೇಳಿರೋ ಅಳತೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಮೇಲ್ಭಾಗ 17 ಮೀಟರ್ ತ್ರಿಜ್ಯದ ಉರುಟು, ಗಂಟೆಗೆ 25 ಕಿಲೋಮೀಟರಲ್ಲಿ ದಾಟೋಕೆ. ಅಂಥದ್ದರ ಮೇಲೆ ಕಾರು ಏರಿ ಇಳಿಯುತ್ತೆ. ನಮ್ಮದರ ಮೇಲೆ ಹಾರಿ ಬೀಳುತ್ತೆ. ಸಸ್ಪೆನ್ಷನ್ ಚೆನ್ನಾಗಿರೋ ಗಾಡಿಯೂ ಇದರ ಮೇಲೆ 25ರಲ್ಲಿ ಹೋದರೆ ಸದ್ದು ಮಾಡೇ ಮಾಡುತ್ತೆ, ಅದನ್ನು ಕಾಯಿಲೆ ಲೆಕ್ಕಕ್ಕೆ ಹಿಡೀಬಾರದು.

ಪರೀಕ್ಷೆಗೆ ತಮ್ಮನ ಮಗನನ್ನು ಕರ್ಕೊಂಡೆ. ಬೆಳಗ್ಗೆ ಆರು ಗಂಟೆ, ರಸ್ತೆ ಖಾಲಿ, ಕಿಟಕಿ ಎರಡೂ ಇಳಿಸಿ, ಎಫ್‌ಎಂ ಬಂದ್. ಒಂದು ಕಡೆ ಉದ್ದ ಕಾಂಪೌಂಡ್ ಗೋಡೆ ಇರೋ ರಸ್ತೆ ಹುಡುಕಿದೆ, ಆವಾಜ್ ಗೋಡೆಗೆ ತಾಗಿ ವಾಪಸ್ ಬರುತ್ತೆ, ಎಡ ಬಲ ಗೊತ್ತಾಗುತ್ತೆ. ಹುಡುಗ ಒಮ್ಮೆ ಗಾಡಿಯೊಳಗೆ, ಒಮ್ಮೆ ಹೊರಗೆ ಪಕ್ಕದಲ್ಲಿ ನಡೀತಾ.

ಬರೆದುಕೊಂಡಿದ್ದು ಹೀಗೆ:

ಎರಡೂ ಮುಂದಿನ ಗಾಲಿ ಒಟ್ಟಿಗೆ, ನೇರವಾಗಿ, 10ರಲ್ಲಿ: ಆವಾಜ್ ಇಲ್ಲವೇ ಇಲ್ಲ ಅನ್ನಬಹುದು.

ಅದೇ ಹಂಪ್, ಓರೆಯಾಗಿ, ಎಡಗಾಲಿ ಮೊದಲು ಏರೋ ಹಾಗೆ: ‘ಟಕ್ ಟಕ್’, ಜೋರಾಗಿ. “ದೊಡ್ಡಪ್ಪ, ಈಗ ಬಂತ್ ನೋಡು!” ಅಂತ ಹುಡುಗ ಹೊರಗಿಂದ ಕೂಗಿದ.

ಬಲಗಾಲಿ ಮೊದಲು: ಸ್ವಲ್ಪ.

ರಿಂಗ್ ರೋಡಿನ ಸಣ್ಣ ಸಣ್ಣ ಪಟ್ಟಿ ಹಂಪುಗಳು, 20ರಲ್ಲಿ: ಒಂದೇ ಸಮ ಟಕಟಕಟಕ.

ಹಂಪ್ ಮೇಲೆ ಬ್ರೇಕ್ ಮೆಲ್ಲಗೆ ಒತ್ತಿ ಹಿಡಿದು: ‘ಟಕ್ ಟಕ್’ ಹಾಗೇ ಇತ್ತು. ಬ್ರೇಕ್ ಒತ್ತಿದ ಕೂಡಲೇ ನಿಂತಿದ್ದರೆ ಬ್ರೇಕ್ ಪ್ಯಾಡ್ ಅಥವಾ ಅದನ್ನು ಒತ್ತೋ ಕ್ಯಾಲಿಪರ್ ಅಲ್ಲಾಡ್ತಿದೆ ಅಂತ ಅನುಮಾನ ಪಡಬೇಕಿತ್ತು.

ನಿಂತಲ್ಲೇ ಸ್ಟೇರಿಂಗ್ ಪೂರ್ತಿ ತಿರುಗಿಸಿ: ಏನಿಲ್ಲ. ಸ್ಪ್ರಿಂಗ್ ‘ಟೊಂಯ್’ ಅಂದರೆ ಸ್ಟ್ರಟ್ ಮೇಲಿನ ಬೇರಿಂಗ್ ಹಿಡಿದಿದೆ ಅಂತ ಲೆಕ್ಕ. ಇಲ್ಲಿ ಅದಿಲ್ಲ.

ಸಮತಟ್ಟು ರಸ್ತೆ, ಹಂಪೇ ಇಲ್ಲ, 20ರಿಂದ ಬ್ರೇಕ್: ‘ಧಬ್’. ಬಿಟ್ಟಾಗಲೂ ಒಮ್ಮೊಮ್ಮೆ.

ಈ ಪಟ್ಟಿಯಲ್ಲೇ ಉತ್ತರ ಇತ್ತು. ಎಡ ಬಲ ಗಾಲಿ ಎರಡನ್ನೂ ಸೇರಿಸೋ ಒಂದು ಬಗ್ಗಿಸಿದ ರಾಡ್ ಇರುತ್ತೆ, ಸ್ಟೆಬಿಲೈಸರ್ ಬಾರ್. ಎರಡೂ ಗಾಲಿ ಒಟ್ಟಿಗೆ ಏರಿದರೆ ಅದು ಸುಮ್ನೆ ಹೊರಳುತ್ತೆ. ಒಂದೇ ಗಾಲಿ ಏರಿದರೆ ಅದು ತಿರುಚಿಕೊಳ್ಳುತ್ತೆ, ಆಗ ಅದರ ತುದಿಯ ಲಿಂಕ್ ರಾಡ್ ಮೇಲೆ ಭಾರ ಬೀಳುತ್ತೆ. ಓರೆ ಹೋದಾಗ ಮಾತ್ರ ಟಕ್ ಅಂದರೆ ಮೊದಲು ಲಿಂಕ್ ನೋಡಬೇಕು. ಈ ಮಾತು ನನಗೆ ಆಗ ಹೊಳೀಲಿಲ್ಲ, ಮುಂದಿನ ಖರ್ಚು ಅದಕ್ಕೇ ಆಯ್ತು.

3. ಶಾಕಪ್ ಅಂದರು, ಹಾಕಿಸಲಿಲ್ಲ

ರಿಂಗ್ ರೋಡ್ ಪಕ್ಕದ ಗ್ಯಾರೇಜಿಗೆ ಒಯ್ದೆ. ಉಸ್ತಾದ್ ಹಂಪ್ ಮೇಲೆ ಒಂದು ರೌಂಡ್ ಹಾಕಿ ಬಂದು, ಇಳಿಯೋ ಮೊದಲೇ ತೀರ್ಪು ಕೊಟ್ಟರು.

“ಶಾಕಪ್ ಹೋಗ್ಯಾವ್ರಿ ಸರ್. ಜೋಡಿ ಹಾಕ್ಬೇಕು. ಒಂದೇ ಹಾಕಿದ್ರ ಗಾಡಿ ಬರೋಬ್ಬರ್ ಕುಂದ್ರಲ್ಲ.”

“ಎಣ್ಣಿ ಸೋರಿಲ್ಲಲ್ಲ ಉಸ್ತಾದ್? ಒಣಗಿ ಕುಂತದ ನೋಡ್ರಿ.”

“ಒಳಗ ದಮ್ ಇಲ್ರಿ ಅದಕ್ಕ.”

ಎರಡು ಸ್ಟ್ರಟ್ಟು, ಕೂಲಿ ಸೇರಿ 7,800 ಆಗುತ್ತೆ ಅಂದರು. ಜೋಡಿ ಹಾಕಬೇಕು ಅನ್ನೋದು ಸರಿಯಾದ ಮಾತು. ಹೋಗಿದೆ ಅನ್ನೋದೇ ನನಗೆ ಒಪ್ಪಿಗೆ ಆಗಲಿಲ್ಲ. ಬಾನೆಟ್ ಮೂಲೆ ಹಿಡಿದು ಮೈಭಾರ ಹಾಕಿ ಒತ್ತಿ ಬಿಟ್ಟೆ. ಎದ್ದು ಒಂದು ಸಲ ಇಳಿದು ನಿಂತಿತು. ಶಾಕಪ್ ಸತ್ತಿದ್ದರೆ ಎರಡು ಮೂರು ಸಲ ತೂಗಾಡುತ್ತೆ. ಹೊರಗಿನ ಕೊಳವೆ ಮೇಲೆ ಧೂಳು ಒಣಗಿಯೇ ಇತ್ತು. ಎಣ್ಣೆ ಸೋರಿದ್ದರೆ ಆ ಧೂಳು ಒದ್ದೆಯಾಗಿ ಕೆಸರಿನ ಥರ ಅಂಟಿರುತ್ತೆ. ಟೈರ್ ಮೇಲೆ ಅಲ್ಲಲ್ಲಿ ತಗ್ಗು ತಗ್ಗಾಗಿ ಸವೆದ ಗುರುತೂ ಇರಲಿಲ್ಲ. ಈ ಒತ್ತಿ ನೋಡೋ ಪರೀಕ್ಷೆ ಪೂರ್ತಿ ನಂಬೋ ಹಾಗಿಲ್ಲ, ಅರ್ಧ ದಣಿದ ಶಾಕಪ್ ಕೂಡ ಇದರಲ್ಲಿ ಪಾಸ್ ಆಗುತ್ತೆ. ಆದರೆ ಫೇಲ್ ಆಗದೆ ಇರೋ ವಸ್ತುವಿಗೆ 7,800 ಹಾಕೋಕೆ ಕೈ ಬರಲಿಲ್ಲ.

4. ಸ್ಟ್ರಟ್ ಮೌಂಟ್: 2,300 ದಂಡ

ಇಲ್ಲಿ ತಪ್ಪು ದಾರಿ ಹಿಡಿದಿದ್ದು ನಾನೇ, ಉಸ್ತಾದ್ ಅಲ್ಲ. ಬಾನೆಟ್ ತೆಗೆದು ಸ್ಟ್ರಟ್ ತಲೆ ಮೇಲೆ ಅಂಗೈ ಇಟ್ಟು, ಹುಡುಗನಿಗೆ ಗಾಡಿ ಒತ್ತಿ ಒತ್ತಿ ಬಿಡು ಅಂದೆ. ಅಂಗೈಗೆ ‘ಟಕ್’ ತಾಗಿತು. ಆಯ್ತು, ಮೇಲಿನ ರಬ್ಬರ್ ಮೌಂಟ್ ಹರಿದಿದೆ ಅಂದುಕೊಂಡೆ.

ಗಂಜ್ ಕಡೆ ಅಂಗಡಿಯಲ್ಲಿ ಮೌಂಟ್ ಜೋಡಿ 1,300, ಬೇರಿಂಗ್ ಸೇರಿ. ಕೂಲಿ 1,000. ಈ ಕೆಲಸ ಮನೆಯಲ್ಲಿ ಮಾಡಲಿಲ್ಲ, ಮಾಡೋದೂ ಇಲ್ಲ. ಸ್ಪ್ರಿಂಗ್ ಒತ್ತಿ ಹಿಡಿಯೋ ಕಂಪ್ರೆಸರ್ ಹಾಕದೆ ನಡುವಿನ ನಟ್ ಬಿಚ್ಚಿದರೆ ಸ್ಪ್ರಿಂಗ್ ಮುಖಕ್ಕೇ ಬರುತ್ತೆ. ಇದರಲ್ಲಿ ಜುಗಾಡ್ ಬೇಡ, ಹಗ್ಗ ಬೇಡ, ತಂತಿ ಬೇಡ.

ಹಳೇ ಮೌಂಟ್ ಕೈಗೆ ಬಂದಾಗಲೇ ಗೊತ್ತಾಯ್ತು. ರಬ್ಬರ್ ಮೇಲೆ ಕೂದಲೆಳೆಯಂಥ ಬಿರುಕು ಇತ್ತು, ನಮ್ಮ ಬೇಸಿಗೆಗೆ ಅದು ಎಲ್ಲಾ ರಬ್ಬರಿಗೂ ಬರುತ್ತೆ. ಆದರೆ ತಗಡಿಂದ ಬಿಟ್ಟುಕೊಂಡಿರಲಿಲ್ಲ. ಬೇರಿಂಗ್ ಬೆರಳಲ್ಲಿ ತಿರುಗಿಸಿದರೆ ನುಣ್ಣಗೆ ತಿರುಗಿತು. ಅಂದರೆ ಚೆನ್ನಾಗಿದ್ದಿದ್ದನ್ನೇ ಕಿತ್ತು ಹಾಕಿಸಿದ್ದೆ. ವಾಪಸ್ ಬರುವಾಗ ಮನೆಯವಳೂ ಜೊತೆಗಿದ್ದಳು. ಮೊದಲ ಹಂಪ್ ದಾಟಿದ ಮೇಲೆ ಕಿಟಕಿ ಕಡೆ ನೋಡ್ತಾನೇ “ಇನ್ನೂ ಬರ್ಲತ್ತದಲ್ರಿ” ಅಂದಳು. ಬಿಲ್ಲು ನನ್ನ ಜೇಬಲ್ಲೇ ಇತ್ತು.

ಕಬ್ಬಿಣಕ್ಕೆ ಕೈ ಇಟ್ಟರೆ ಎಲ್ಲಿ ಟಕ್ ಅಂದರೂ ಅಲ್ಲಿ ತಾಗುತ್ತೆ. ಲಿಂಕ್ ರಾಡ್ ಮೇಲಿನ ತುದಿ ಸ್ಟ್ರಟ್ಟಿಗೇ ಸೇರಿರೋದು. ಕೆಳಗೆ ಬಡಿದಿದ್ದು ಕೊಳವೆ ಹಿಡಿದು ಮೇಲೆ ಬಂದು ನನ್ನ ಅಂಗೈಗೆ ತಾಗಿತ್ತು, ಅಷ್ಟೇ.

5. ಲಿಂಕ್ ಬಿಚ್ಚಿಟ್ಟು ಓಡಿಸಿದ್ದು

ಇದೇ ಮೊದಲು ಮಾಡಬೇಕಿದ್ದ ಪರೀಕ್ಷೆ.

ಲಿಂಕ್ ರಾಡ್ ಅಲ್ಲಾಡಿಸಿ ನೋಡೋಕೆ ಒಂದು ಗಾಲಿ ಮಾತ್ರ ಜ್ಯಾಕ್ ಹಾಕಿ ಎತ್ತಬೇಡಿ. ಹಾಗೆ ಎತ್ತಿದರೆ ಬಾರ್ ತಿರುಚಿಕೊಂಡು ಲಿಂಕನ್ನು ಎಳೆದು ಹಿಡಿಯುತ್ತೆ, ಒಳಗಿನ ಲೂಸು ಮುಚ್ಚಿಹೋಗುತ್ತೆ. ಗ್ಯಾರೇಜಲ್ಲಿ ಟಾಮಿ (ಮೀಟೋ ಕಬ್ಬಿಣದ ರಾಡು) ಹಾಕಿ ಮೀಟಿ “ಲಿಂಕ್ ಓಕೆ” ಅಂದಿದ್ದು ಹೀಗೇ. ಎರಡೂ ಗಾಲಿ ನೆಲದ ಮೇಲೆ ಇರಬೇಕು, ಇಲ್ಲಾ ಎರಡೂ ಒಂದೇ ಎತ್ತರಕ್ಕೆ ಏಳಬೇಕು.

ನಮ್ಮ ಅಂಗಳಕ್ಕೆ ಶಹಾಬಾದ್ ಫರಸಿ ಹಾಸಿದೆ. ಸಮತಟ್ಟು, ಕೆಲಸಕ್ಕೆ ಒಳ್ಳೇದು. ಆದರೆ ಜ್ಯಾಕಿನ ಪುಟ್ಟ ಪಾದ ಸೀದಾ ಅದರ ಮೇಲೆ ಕೂತರೆ, ಕೆಳಗೆ ಪೊಳ್ಳು ಇದ್ದ ಕಡೆ ಫರಸಿ ಸೀಳುತ್ತೆ. ಒಂದು ಹೋಯ್ತು, ಅವ್ವನ ಹತ್ತಿರ ಬೈಸಿಕೊಂಡಿದ್ದೂ ಆಯ್ತು. ಆಮೇಲೆ ಒಂದಡಿ ಚೌಕದ, ಎರಡು ಇಂಚು ದಪ್ಪದ ಹಲಗೆ ಇಟ್ಟು ಅದರ ಮೇಲೆ ಜ್ಯಾಕು. ಎತ್ತಿದ ಮೇಲೆ ಎರಡೂ ಕಡೆ ಸ್ಟ್ಯಾಂಡ್ ಕೊಟ್ಟೆ, ಹಿಂದಿನ ಗಾಲಿಗೆ ಮುಂದೆ ಹಿಂದೆ ಕಲ್ಲು. ಬರೀ ಜ್ಯಾಕ್ ನಂಬಿ ಕೆಳಗೆ ತಲೆ ಹಾಕಬಾರದು.

ಬೇಕಾದ ಸಾಮಾನು: 14ರ ರಿಂಗ್ ಪಾನಾ, 5 ಎಂಎಂ ಅಲನ್ ಕೀ, ವೈರ್ ಬ್ರಷ್, ತುಕ್ಕು ಬಿಡಿಸೋ ಸ್ಪ್ರೇ. ನನ್ನ ಗಾಡಿಗೆ 14, ಬೇರೆ ಗಾಡಿಗೆ 17ನೂ ಇರುತ್ತೆ. ನಟ್ ತಿರುಗಿಸಿದರೆ ಲಿಂಕ್ ತುದಿಯೊಳಗಿನ ಬಾಲ್ (ಕಬ್ಬಿಣದ ಗುಂಡು) ಕೂಡ ಜೊತೆಗೇ ತಿರುಗುತ್ತೆ, ಅದಕ್ಕೆ ತುದಿಯ ತೂತಲ್ಲಿ ಅಲನ್ ಕೀ ಹಾಕಿ ಹಿಡೀಬೇಕು. ಆ ತೂತಿನ ತುಂಬಾ ಎರೆ ಮಣ್ಣು ಒಣಗಿ ಕಲ್ಲಾಗಿತ್ತು. ಮೊಳೆ ಹಾಕಿ ಕೆರೆದು ಕೆರೆದು ಖಾಲಿ ಮಾಡಿದೆ. ಕೆರೆಯದೆ ಅಲನ್ ಕೀ ತೂರಿಸಿದರೆ ಮೂಲೆ ಸವೆದು ದುಂಡಗಾಗುತ್ತೆ, ಆಮೇಲೆ ಏನು ಮಾಡಿದರೂ ಹಿಡಿಯಲ್ಲ. ಎಡಗಡೆ ಕೆಳಗಿನದು ಹಾಗೇ ಆಯ್ತು. ರಾತ್ರಿಯಿಡೀ ಸ್ಪ್ರೇ ಹೊಡೆದಿಟ್ಟರೂ ಜಪ್ಪಯ್ಯ ಅನ್ನಲಿಲ್ಲ. ಪಕ್ಕದ ಓಣಿಯ ವೆಲ್ಡಿಂಗ್ ಭಾಯ್ ಗ್ರೈಂಡರ್ ತಂದು ಎರಡು ನಿಮಿಷದಲ್ಲಿ ನಟ್ ಸೀಳಿಕೊಟ್ಟರು, 100 ರೂಪಾಯಿ. ಕಿಡಿ ಹತ್ತಿರದ ಬ್ರೇಕ್ ಪೈಪಿನ ಮೇಲೆ ಬೀಳದ ಹಾಗೆ ಒದ್ದೆ ಗೋಣಿ ಅಡ್ಡ ಹಿಡಿದಿದ್ದೆ.

ಎರಡೂ ಕಡೆ ಲಿಂಕ್ ಕಳಚಿದೆ. ಬಾರ್ ತುದಿ ಯಾವುದಕ್ಕೂ ಬಡಿಯಲ್ಲ, ಟೈರಿಗೂ ಆಕ್ಸಲಿಗೂ ತಾಗಲ್ಲ ಅಂತ ನೋಡಿಕೊಂಡು ಗಾಡಿ ಇಳಿಸಿ ನಮ್ಮ ಗಲ್ಲಿಯಲ್ಲೇ ನಡಿಗೆ ವೇಗದಲ್ಲಿ ಓಡಿಸಿದೆ. ಓರೆ ಹಂಪ್, ಎಡಗಾಲಿ ಮೊದಲು. ಸದ್ದೇ ಇಲ್ಲ! ವಾಪಸ್ ತಿರುಗಿಸಿ ಇನ್ನೊಮ್ಮೆ. ಇಲ್ಲ. ಲಿಂಕ್ ಇಲ್ಲದೆ ದೊಡ್ಡ ರಸ್ತೆಗೆ ಹೋಗಬೇಡಿ, ತಿರುವಿನಲ್ಲಿ ಗಾಡಿ ಒಂದು ಪಕ್ಕಕ್ಕೆ ಜಾಸ್ತಿ ವಾಲುತ್ತೆ. ಇದು ಗಲ್ಲಿಯ ಪರೀಕ್ಷೆ ಮಾತ್ರ.

ಕಳಚಿದ ಎಡ ಲಿಂಕನ್ನು ಬೆಂಚಿನ ಮೇಲಿಟ್ಟು ನೋಡಿದೆ. ಮೇಲಿನ ತುದಿಯ ರಬ್ಬರ್ ಟೋಪಿ ಒಂದು ಪಕ್ಕಕ್ಕೆ ಬಾಯಿ ಬಿಟ್ಟಿತ್ತು. ಬೆರಳಲ್ಲಿ ಸರಿಸಿದರೆ ಒಳಗೆ ಗ್ರೀಸ್ ಅನ್ನೋದೇ ಇಲ್ಲ, ಕಪ್ಪು ಬೂದು ಬಣ್ಣದ ಅಂಟು, ಉಜ್ಜಿದರೆ ಮರಳಿನ ಥರ ಕರಕರ ಅನ್ನುತ್ತೆ. ಊರಿನ ಹೊಲದ ದಾರಿಯ ಎರೆ ಮಣ್ಣು ನೀರಿನ ಜೊತೆ ಒಳಗೆ ಹೋಗಿ, ಬಾಲ್ ಮೇಲಿನ ಹೊಳಪನ್ನೆಲ್ಲ ತಿಂದುಹಾಕಿದೆ. ಹೊಸ ಲಿಂಕಿನ ಬಾಲ್ ಕೈಯಲ್ಲಿ ಅಲ್ಲಾಡಿಸೋಕೆ ಕಷ್ಟ ಪಡಬೇಕು, ಬಿಟ್ಟರೆ ಬಿಟ್ಟ ಕಡೆಯೇ ನಿಲ್ಲುತ್ತೆ. ಇದು ರಾಡ್ ಎತ್ತಿದರೆ ತಾನೇ ಜೋತು ಬೀಳ್ತಿತ್ತು. ಹಿಡಿದು ಅದುರಿಸಿದರೆ ಅದೇ ‘ಟಕ್ ಟಕ್’. ಬೇಸಿಗೆಯಿಂದ ಕೇಳಿದ ಆವಾಜ್ ಅಂಗೈಯಲ್ಲೇ ಬರ್ತಿತ್ತು. ಬಲಗಡೆಯದೂ ಅದೇ ದಾರಿ ಹಿಡಿದಿತ್ತು, ಅಷ್ಟು ಕೆಟ್ಟಿರಲಿಲ್ಲ.

ಹೊಸ ಲಿಂಕ್ ಜೋಡಿ 960 ರೂಪಾಯಿ. ಅದಕ್ಕಿಂತ ಅಗ್ಗದ್ದು 500ಕ್ಕೂ ಇತ್ತು, ಟೋಪಿಯ ರಬ್ಬರ್ ಹಿಚುಕಿ ನೋಡಿದರೆ ಬರೀ ಪ್ಲಾಸ್ಟಿಕ್ ಅನ್ನಿಸಿತು, ತಗೊಳ್ಳಲಿಲ್ಲ. ಹಾಕೋಕೆ ಅರ್ಧ ಗಂಟೆಯೂ ಬೇಡ. ಹೊಸ ನಟ್ ಜೊತೆಗೇ ಬರುತ್ತೆ, ಹಳೇದನ್ನು ಮತ್ತೆ ಬಳಸಬಾರದು. ಬಿಗಿ ಮಾಡೋವಾಗ ಟೋಪಿ ತಿರುಚಿಕೊಂಡಿದೆಯಾ ನೋಡಬೇಕು, ತಿರುಚಿಕೊಂಡರೆ ಮುಂದಿನ ಮಳೆಗೇ ಹರಿಯುತ್ತೆ.

‘ಟಕ್ ಟಕ್’ ಹೋಯ್ತು. ಪೂರಾ ಹೋಯ್ತು.

6. ಉಳಿದ ‘ಧಬ್’

ಬ್ರೇಕ್ ಹಿಡಿದಾಗಿನ ಸದ್ದು ಇನ್ನೂ ಇತ್ತು. ರೊಟ್ಟಿ ಬಡಿದ ಹಾಗೆ ಮೆತ್ತಗೆ, ಕಾಲ ಕೆಳಗೆ. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದಲ್ಲ, ನಡುವೆ ರಬ್ಬರ್ ಇದೆ. ಬ್ರೇಕ್ ಹಾಕಿದಾಗ ಗಾಲಿ ಹಿಂದಕ್ಕೆ ತಳ್ಳಿಸಿಕೊಳ್ಳುತ್ತೆ, ಅದನ್ನು ತಡೆಯೋದು ಲೋವರ್ ಆರ್ಮಿನ (ಗಾಲಿಯನ್ನು ಗಾಡಿಯ ಅಡಿಗೆ ಸೇರಿಸೋ ತೋಳು) ಬುಷ್ಷು, ಅಂದರೆ ಅದರ ಬುಡದ ರಬ್ಬರು.

ಆರ್ಮನ್ನು ಗಾಲಿ ಕಡೆ ಸೇರಿಸೋ ಬಾಲ್ ಜಾಯಿಂಟಿನ ಅನುಮಾನ ಮೊದಲು ಕಳೆದುಕೊಂಡೆ. ಗಾಲಿ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ, ಲೂಸಿಲ್ಲ. ಎಡಕ್ಕೆ ಬಲಕ್ಕೆ ಹಿಡಿದು ಅಲ್ಲಾಡಿಸಿದೆ, ಸ್ಟೇರಿಂಗಿಂದ ಗಾಲಿಗೆ ಬರೋ ಟೈ ರಾಡಿನ ತುದಿ ಕೂಡ ಸರಿಯಿದೆ. ಬಾಲ್ ಜಾಯಿಂಟ್ ಲೂಸಿದ್ದರೆ ಅವತ್ತೇ ಗಾಡಿ ನಿಲ್ಲಿಸಬೇಕು, ಅದು ಕಳಚಿದರೆ ಗಾಲಿ ಮಡಚಿ ಬೀಳುತ್ತೆ. ಉಳಿದಿದ್ದನ್ನು ಸಾವಕಾಶ ನೋಡಬಹುದು.

ಆರ್ಮಿನ ಹಿಂದಿನ ದೊಡ್ಡ ಬುಷ್ಷಿಗೆ ಟಾಮಿ ಹಾಕಿ ಮೀಟಿದೆ. ಬ್ಯಾಟರಿ ಬೆಳಕಲ್ಲಿ ಬಿರುಕು ಬಾಯಿ ತೆರೆದು ಮುಚ್ಚಿತು. ಮೀಟದೆ ನೋಡಿದರೆ ಆ ಬಿರುಕು ಕಾಣೋದೇ ಇಲ್ಲ.

ಬರೀ ಬುಷ್ ಜೋಡಿ 420, ಪ್ರೆಸ್ಸಲ್ಲಿ ಒತ್ತಿಸೋಕೆ 300. ಇಡೀ ಆರ್ಮ್ ಬಾಲ್ ಜಾಯಿಂಟ್ ಸಮೇತ 1,650. ಬಾಲ್ ಜಾಯಿಂಟಿಗೂ 94 ಸಾವಿರ ಆಗಿದೆ ಅಲ್ವಾ, ಎಡಗಡೆ ಪೂರ್ತಿ ಆರ್ಮೇ ಹಾಕಿಸಿದೆ. ಬಲಗಡೆ ಬುಷ್ ಗಟ್ಟಿ ಇತ್ತು, ಮುಟ್ಟಲಿಲ್ಲ. ಕೂಲಿ 500, ಅದೇ ಉಸ್ತಾದ್.

‘ಧಬ್’ ಹೋಯ್ತು. ಆದರೆ ವಾರದೊಳಗೆ ಹೊಸದೊಂದು ಶುರುವಾಯ್ತು: ಹಂಪ್ ಇಳಿಯುವಾಗ ‘ಕಿರ್ರ್’. ಎಡಗಡೆಯೇ. ಹೊಸ ಸಾಮಾನು ಹಾಕಿದ ಮೇಲೆ ಹೊಸ ಆವಾಜ್ ಬಂದರೆ ತಲೆ ಕೆಡುತ್ತೆ ನೋಡಿ.

ಪರೀಕ್ಷೆಗೆ ಸೋಪಿನ ನೀರು. ಸ್ಪ್ರೇ ಬಾಟಲಿಯಲ್ಲಿ ತುಂಬಿ ಒಂದೊಂದೇ ರಬ್ಬರಿಗೆ ಹೊಡೆದು ಗಾಡಿ ಒತ್ತಿಸಿದೆ. ಸ್ಟೆಬಿಲೈಸರ್ ಬಾರಿನ ಬುಷ್ಷಿಗೆ ಹೊಡೆದರೆ ಹಾಗೇ ಇತ್ತು. ಲೋವರ್ ಆರ್ಮಿನ ಮುಂದಿನ ಬುಷ್ಷಿಗೆ ಹೊಡೆದರೆ ನಿಂತಿತು. ಇಲ್ಲಿ ಕೆಲವರು ಎಂಜಿನ್ ಆಯಿಲ್ಲೋ ಗ್ರೀಸೋ ಹಚ್ಚಿಬಿಡ್ತಾರೆ, ಎರಡು ದಿನ ಸುಮ್ಮನಾಗುತ್ತೆ, ಆಮೇಲೆ ರಬ್ಬರ್ ಉಬ್ಬಿ ಮೆತ್ತಗಾಗಿ ಹಾಳಾಗುತ್ತೆ. ಹಚ್ಚಲೇಬೇಕು ಅಂದರೆ ಸಿಲಿಕೋನ್ ಸ್ಪ್ರೇ. ಆದರೆ ಹೊಸ ಬುಷ್ ಯಾಕೆ ಕಿರ್ ಅನ್ನಬೇಕು?

ಟೇಪ್ ಹಿಡಿದಾಗ ಗುಟ್ಟು ಹೊರಬಿತ್ತು. ಗಾಲಿಯ ನಡುವಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಬಲಗಡೆ 36.4 ಸೆಂಟಿಮೀಟರ್, ಎಡಗಡೆ 37.5. ಹನ್ನೊಂದು ಮಿಲಿಮೀಟರ್ ಎಡಗಡೆ ಎತ್ತರ.

ಆರ್ಮಿನ ಬೋಲ್ಟುಗಳನ್ನು ಗಾಲಿ ಗಾಳಿಯಲ್ಲಿ ನೇತಾಡ್ತಿದ್ದಾಗಲೇ ಪೂರ್ತಿ ಬಿಗಿ ಮಾಡಿದ್ದರು. ಈ ಬುಷ್ಷಿನ ರಬ್ಬರ್ ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ಅಂಟಿಕೊಂಡೇ ಇರುತ್ತೆ, ಅದು ತಿರುಗೋದಿಲ್ಲ, ತಿರುಚಿಕೊಳ್ಳುತ್ತೆ. ಆರ್ಮ್ ಕೆಳಗೆ ಜೋತಿದ್ದಾಗ ಬಿಗಿ ಮಾಡಿದರೆ ಅದೇ ಅದರ ಆರಾಮದ ಜಾಗ ಆಗಿಬಿಡುತ್ತೆ. ಗಾಡಿ ಇಳಿಸಿದ ಮೇಲೆ ಹಗಲೂ ರಾತ್ರಿ ತಿರುಚಿಕೊಂಡೇ ನಿಂತಿರುತ್ತೆ. ಗಾಡಿ ಆ ಕಡೆ ಎತ್ತರ ಕಾಣುತ್ತೆ, ಕಿರಗುಟ್ಟುತ್ತೆ, ಬೇಗ ಹರಿದೂ ಹೋಗುತ್ತೆ. ಹೊಸ ಆರ್ಮ್ ಹಾಕಿಸಿದ ಎಷ್ಟೋ ಜನ ವರ್ಷದೊಳಗೆ ‘ಡೂಪ್ಲಿಕೇಟ್ ಮಾಲು’ ಅಂತ ಅಂಗಡಿಯವನನ್ನು ಬೈಯೋದನ್ನು ಕೇಳಿದ್ದೀನಿ, ಅದರಲ್ಲಿ ಕೆಲವಾದರೂ ಹೀಗೇ ಕೆಟ್ಟಿರಬೇಕು.

ಸರಿ ಮಾಡೋದು ಸುಲಭ: ಗಾಡಿಯ ಭಾರ ಗಾಲಿ ಮೇಲಿರುವಾಗ ಬೋಲ್ಟ್ ಸಡಿಲಿಸಿ ಮತ್ತೆ ಬಿಗಿ ಮಾಡಬೇಕು. ಕಷ್ಟ ಏನಂದ್ರೆ, ಗಾಡಿ ನೆಲದ ಮೇಲಿದ್ದರೆ ಕೆಳಗೆ ಕೈ ಹೋಗಲ್ಲ. ಅದಕ್ಕೆ ಗಾಲಿಗಳ ಕೋನ ಸರಿ ಮಾಡೋ ಅಲೈನ್‌ಮೆಂಟ್ ಅಂಗಡಿಯ ರ‍್ಯಾಂಪ್ ಹಿಡಿದೆ. ಅಲ್ಲಿ ಗಾಡಿ ತನ್ನ ನಾಲ್ಕೂ ಗಾಲಿ ಮೇಲೆ ನಿಂತೇ ಮೇಲೆ ಹೋಗುತ್ತೆ. ಹೇಗೂ ಅಲೈನ್‌ಮೆಂಟ್ ಮಾಡಿಸಲೇಬೇಕಿತ್ತು. ಅಂಗಡಿ ಹುಡುಗನಿಗೆ ಹೇಳಿದೆ, “ತಮ್ಮಾ, ಕಂಪ್ಯೂಟರ್ ಹಚ್ಚೋದ್ಕಿಂತ ಮೊದ್ಲು ಜರಾ ಆರ್ಮಿನ ಬೋಲ್ಟ್ ಲೂಸ್ ಮಾಡಿ, ಗಾಡಿ ಎರಡ್ ಸಲ ಅದುಮಿ, ಮತ್ತ ಟೈಟ್ ಮಾಡ್ತಿ ಏನು?” ವಿಚಿತ್ರವಾಗಿ ನೋಡಿದ, ಮಾಡಿದ. ಬೋಲ್ಟ್ ಸಡಿಲಿಸಿದ ಕ್ಷಣ ‘ಟಣ್’ ಅಂತ ಆರ್ಮ್ ಹೊರಳಿದ್ದು ಕೆಳಗೆ ನಿಂತ ಇಬ್ಬರಿಗೂ ಕೇಳಿಸಿತು. “ಹೌದ್ರಿ ಅಣ್ಣಾ, ಖರೇನೆ ತಿರುವ್ಕೊಂಡ್ ಕುಂತಿತ್ತು” ಅಂದ. ಚಹಾಕ್ಕೆ ಅಂತ 50 ಕೊಟ್ಟೆ.

ಇಳಿಸಿ ಅಳೆದಾಗ ಎಡ 36.5, ಬಲ 36.4. ಕಿರ್ರ್ ಇಲ್ಲ.

7. ಅಲೈನ್‌ಮೆಂಟ್

450 ರೂಪಾಯಿ. ಸ್ಟ್ರಟ್ ಕಳಚಿ ಹಾಕಿದ್ದಕ್ಕೆ, ಆರ್ಮ್ ಬದಲಿಸಿದ್ದಕ್ಕೆ ಎಡಗಾಲಿಯ ಟೋ (ಗಾಲಿ ಒಳಕ್ಕೋ ಹೊರಕ್ಕೋ ತಿರುಗಿರೋ ಕೋನ) ಕೆಟ್ಟಿತ್ತು, ಸ್ಕ್ರೀನ್ ಕೆಂಪು ತೋರಿಸ್ತಿತ್ತು. ಸ್ಟೇರಿಂಗ್ ಕೂಡ ಬಲಕ್ಕೆ ಎರಡು ಬೆರಳಷ್ಟು ವಾಲಿತ್ತು. ಸರಿ ಹೋಯ್ತು. ಬುಷ್ ಬಿಗಿ ಮಾಡಿದ ಮೇಲೆ ಅಲೈನ್‌ಮೆಂಟ್ ಮಾಡಿಸಬೇಕು, ಮೊದಲು ಮಾಡಿಸಿ ಆಮೇಲೆ ಬೋಲ್ಟ್ ಮುಟ್ಟಿದರೆ 450 ನೀರಿಗೆ ಹಾಕಿದ ಹಾಗೆ. ‘ಬ್ಯಾಲೆನ್ಸಿಂಗೂ ಮಾಡಿಸ್ರಿ’ ಅಂದರು. ಸ್ಟೇರಿಂಗ್ ಅದುರ್ತಿರಲಿಲ್ಲ, ಬೇಡ ಅಂದೆ.

8. ಲೆಕ್ಕ

ಬೇಕಾಗಿದ್ದು: ಲಿಂಕ್ 960, ಗ್ರೈಂಡರ್ 100, ಆರ್ಮ್ 1,650, ಅದರ ಕೂಲಿ 500, ಅಲೈನ್‌ಮೆಂಟ್ 450, ಚಹಾ 50, ಕ್ಲಿಪ್ 10. ಒಟ್ಟು 3,720.

ಬೇಡದೆ ಇದ್ದಿದ್ದು: ಮೌಂಟ್ 2,300. ಒಡೆದ ಫರಸಿ ಬೇರೆ, ಅದರ ಲೆಕ್ಕ ಅವ್ವ ಇನ್ನೂ ಹೇಳಿಲ್ಲ.

ಹಾಕಿಸದೆ ಉಳಿದಿದ್ದು: ಶಾಕಪ್ 7,800. ಅವು ಇವತ್ತಿಗೂ ಹಳೇವೇ. ಮುಂದೊಂದು ದಿನ ಹೋಗ್ತಾವೆ, ಆಗ ಹಾಕಿಸ್ತೀನಿ.

9. ಇನ್ನೂ ಬಾಕಿ ಇರೋದು

ಲಿಂಕ್ ನಟ್‌ಗಳನ್ನು ಸುಮಾರು 500 ಕಿಲೋಮೀಟರ್ ಆದ ಮೇಲೆ ಮತ್ತೆ ಪಾನಾ ಹಾಕಿ ನೋಡಿದೆ. ಎಡಗಡೆ ಮೇಲಿನದು ಕಾಲು ಸುತ್ತು ಬಂತು, ಉಳಿದವು ಬರಲಿಲ್ಲ. ಹೊಸದು ಹಾಕಿದವರು ಇದನ್ನು ನೋಡಿಕೊಳ್ಳಿ, ನಟ್ ಸಡಿಲಾದರೂ ಅದೇ ‘ಟಕ್ ಟಕ್’ ಬರುತ್ತೆ, ಹೊಸ ಲಿಂಕೇ ಕೆಟ್ಟಿತು ಅನ್ನಿಸುತ್ತೆ.

ಹಂಪ್ ದಾಟೋದನ್ನೂ ಸ್ವಲ್ಪ ಬದಲಿಸಿಕೊಂಡೆ. ಮೊದಲು ಹಂಪ್ ಮೇಲೇರೋವರೆಗೂ ಬ್ರೇಕ್ ಒತ್ತೇ ಇರ್ತಿದ್ದೆ. ಹಾಗೆ ಮಾಡಿದರೆ ಗಾಡಿಯ ಮೂತಿ ತಗ್ಗಿ ಸ್ಪ್ರಿಂಗ್ ಆಗಲೇ ಒಂದಿಷ್ಟು ಕುಗ್ಗಿರುತ್ತೆ, ಹಂಪಿಗೆ ಅಂತ ಉಳಿಯೋದು ಮಿಕ್ಕಿದ್ದು ಮಾತ್ರ. ಈಗ ಮೊದಲೇ ನಿಧಾನ ಮಾಡಿ, ಹಂಪ್ ಮುಂದೆ ಬ್ರೇಕ್ ಬಿಟ್ಟು, ಎರಡೂ ಗಾಲಿ ಒಟ್ಟಿಗೆ ಏರಿಸ್ತೀನಿ. ಅಡಿ ತಾಗೋ ಎತ್ತರದ ಹಂಪಿದ್ದರೆ ಮಾತ್ರ ಓರೆ.

ಹಿಂದೆ ಒಂದು ಬಾಕಿ ಇದೆ. ಜೇವರ್ಗಿ ಕಡೆಯಿಂದ ಐದು ಜನ, ಎರಡು ಚೀಲ ತೊಗರಿ ಹಾಕ್ಕೊಂಡು ಬರುವಾಗ ದೊಡ್ಡ ಹಂಪ್ ಮೇಲೆ ಹಿಂದೆ ‘ಧಡ್’ ಅನ್ನುತ್ತೆ. ಖಾಲಿ ಗಾಡಿಯಲ್ಲಿ ಇಲ್ಲ. ಗಾಲಿ ತೆಗೆದು ನೋಡಿದೆ, ಬಲಗಡೆ ಬಂಪ್ ಸ್ಟಾಪ್ ರಬ್ಬರ್ (ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ಪೆಟ್ಟು ತಡೆಯೋದು) ಅರ್ಧ ಉದುರಿಹೋಗಿದೆ. ಜೋಡಿಗೆ 280 ಅಂದಿದ್ದಾರೆ, ಸ್ಟಾಕ್ ಇಲ್ಲ, ಹೈದರಾಬಾದಿಂದ ಬರಬೇಕಂತೆ. ಬರೋವರೆಗೆ ತೊಗರಿ ಬಸ್ಸಲ್ಲಿ.